ಅಗ್ಗದ ಟೈಪ್-ಸಿ ಕೇಬಲ್: ಹೊಣೆ ಯಾರದು?

ಮೊಬೈಲ್ ಬಿಡಿಭಾಗಗಳ ವ್ಯಾಪಾರದಲ್ಲಿ ಚಾರ್ಜಿಂಗ್ ಕೇಬಲ್ ಸಣ್ಣ ಸರಕು; ಅದರ ದೋಷ ಮಾತ್ರ ಸಣ್ಣದಲ್ಲ. ಗೂಗಲ್ ಸಂಸ್ಥೆಯ ಎಂಜಿನಿಯರ್ ಬೆನ್ಸನ್ ಲಿಯುಂಗ್ ಅವರು 2015ರಲ್ಲಿ ಟೈಪ್-ಸಿ ಕೇಬಲ್‌ಗಳನ್ನು ಕೊಂಡು ಪರೀಕ್ಷಿಸತೊಡಗಿದರು. 2016ರ ಫೆಬ್ರವರಿಯಲ್ಲಿ, ಒಳತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದ ಕೇಬಲೊಂದರಿಂದ ಅವರ ಲ್ಯಾಪ್‌ಟಾಪೇ ಕೆಟ್ಟಿತು. ಮರುತಿಂಗಳು ಅಮೆಜಾನ್ ಸಂಸ್ಥೆಯು ಮಾನದಂಡಕ್ಕೆ ಹೊಂದದ ಇಂಥ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು.

ಅವರು ಮತ್ತೆ ಮತ್ತೆ ಕಂಡ ದೋಷದ ಮೂಲ ಒಂದು ಪುಟ್ಟ ರೆಸಿಸ್ಟರ್. ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಪ್ಲಗ್, ಇನ್ನೊಂದರಲ್ಲಿ ಟೈಪ್-ಸಿ ಇರುವ ಕೇಬಲ್‌ನಲ್ಲಿ 56 ಕಿಲೋಓಮ್ ರೆಸಿಸ್ಟರ್ ಇರತಕ್ಕದ್ದು. ಬದಲಿಗೆ 10 ಕಿಲೋಓಮ್ ಹಾಕಿದರೆ, 3 ಆಂಪಿಯರ್ ದೊರೆಯುವುದೆಂದು ಫೋನ್ ತಪ್ಪಾಗಿ ಗ್ರಹಿಸುತ್ತದೆ. ಅಷ್ಟನ್ನು ಪೂರೈಸಲಾರದ ಹಳೆಯ ಅಡಾಪ್ಟರ್ ಅಥವಾ ಕಂಪ್ಯೂಟರಿನ ಪೋರ್ಟ್ ಕಾದು ಕೆಡಬಹುದು. ಉಳಿತಾಯವಾದದ್ದೋ, ಪುಡಿಗಾಸು!

ಸ್ಪ್ಲಿಟರ್‌ಗಳ ಅಪಾಯ ಬೇರೆ ಬಗೆಯದು. ಎರಡು ಕವಲುಗಳನ್ನು ನೇರವಾಗಿ ಬೆಸೆದಿದ್ದರೆ, ಲ್ಯಾಪ್‌ಟಾಪ್ ಕೇಳಿ ಪಡೆದ 20 ವೋಲ್ಟ್, ಪಕ್ಕದ 5 ವೋಲ್ಟಿನ ಉಪಕರಣಕ್ಕೂ ಹರಿಯುತ್ತದೆ.

ತಯಾರಕರು ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೆಯ ಪ್ರಕರಣದಂತೆ ಪರಿಹಾರದ ಹೊಣೆ ಮಾರಿದವರ ಮೇಲೆಯೇ ಬರಬಹುದು. ಸಗಟು ಖರೀದಿಯ ವೇಳೆ ತಯಾರಕರ ಹೆಸರು, ವಿಳಾಸವುಳ್ಳ ಬಿಲ್ಲನ್ನು ಕೇಳಿ ಪಡೆದಿಟ್ಟುಕೊಳ್ಳುವುದು ವರ್ತಕರಿಗೆ ಕ್ಷೇಮ.