ಕಥೆ ಸೋತಲ್ಲಿ ಗೆದ್ದ ಕ್ಯಾಮೆರಾ

ಅಲೆಕ್ಸ್ ಗಾರ್ಲೆಂಡ್ ಅವರ ‘ಸಿವಿಲ್ ವಾರ್’ (2024) ಕಥೆಯ ಮಟ್ಟಿಗೆ ನಿರಾಸೆಯನ್ನೇ ಉಳಿಸುತ್ತದೆ. ಅಮೆರಿಕ ತನ್ನೊಳಗೇ ಕಾದಾಡುತ್ತಿದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಒಂದಾಗಿ ಅಧ್ಯಕ್ಷನ ಮೇಲೆ ದಂಡೆತ್ತಿ ಹೊರಟಿವೆ. ರಾಜಕೀಯದಲ್ಲಿ ಎಣ್ಣೆ–ಸೀಗೆಕಾಯಿಯಂತಿರುವ ಈ ರಾಜ್ಯಗಳು ಕೈಜೋಡಿಸಿದ್ದೇಕೆ? ಸಿನಿಮಾ ಹೇಳುವ ಗೋಜಿಗೇ ಹೋಗುವುದಿಲ್ಲ. ಆದರೆ ಗುಂಡಿನ ನಡುವೆ ಫೋಟೊ ತೆಗೆಯುವ ಕಸುಬನ್ನು ಅದು ತೋರಿಸುವ ಬಗೆ ಕಣ್ಣರಳಿಸಿ ನೋಡುವಂಥದ್ದು.

ಅನುಭವಿ ಲೀ (ಕರ್ಸ್ಟನ್ ಡನ್ಸ್ಟ್) ಕೈಯಲ್ಲಿ ಡಿಜಿಟಲ್ ಕ್ಯಾಮೆರಾ. ಹೊಸಬಳಾದ ಜೆಸ್ಸಿಯದು (ಕೇಲಿ ಸ್ಪೇನಿ) ಅಪ್ಪನ ಹಳೆಯ ನಿಕಾನ್ ಎಫ್‌ಇ2. 1983ರಲ್ಲಿ ಬಂದ ಈ ಮಾದರಿಯಲ್ಲಿ ಫೋಕಸ್ ಕೈಯಿಂದಲೇ ಆಗಬೇಕು. ಒಂದೊಂದು ಚಿತ್ರಕ್ಕೂ ಹೆಬ್ಬೆರಳಿನಿಂದ ಲಿವರ್ ಎಳೆದು ಫಿಲಂ ಮುಂದೆ ಸರಿಸಬೇಕು. ಸಾಮಾನ್ಯ ರೋಲ್ 36 ಚಿತ್ರಗಳಿಗೆ ಮುಗಿಯುತ್ತದೆ. ಹಾಗಾಗಿ ಯಾವುದನ್ನು ತೆಗೆಯಬೇಕು ಎಂಬುದರಷ್ಟೇ ಯಾವುದನ್ನು ಬಿಡಬೇಕು ಎಂಬುದೂ ಕ್ಷಣಾರ್ಧದಲ್ಲಿ ತೀರ್ಮಾನವಾಗಬೇಕು. ಆಮೇಲೆ ಡೆವಲಪಿಂಗ್. ಬೆಳಕು ನುಗ್ಗದ ಪುಟ್ಟ ಡಬ್ಬಿಯಲ್ಲಿ ಫಿಲಂ ಸುತ್ತಿಟ್ಟು, ಮೊದಲು ಡೆವಲಪರ್, ನಂತರ ಫಿಕ್ಸರ್ ಹಾಕಿ, ತೊಳೆದು ಒಣಗಿಸಬೇಕು. ನಿರಾಶ್ರಿತರು ತಂಗಿದ ಸ್ಟೇಡಿಯಂನಲ್ಲೇ ಜೆಸ್ಸಿ ಈ ಕೆಲಸಕ್ಕೆ ಕೂರುತ್ತಾಳೆ.

ಸಂಕಲನದ ಜಾಣ್ಮೆ ಇರುವುದು ಕಾಳಗದ ದೃಶ್ಯಗಳಲ್ಲಿ. ಕಿವಿ ಗಡಚಿಕ್ಕುವ ಗುಂಡಿನ ಮೊರೆತದ ನಡುವೆ ಜೆಸ್ಸಿ ಗುಂಡಿ ಒತ್ತಿದೊಡನೆ ಪರದೆ ನಿಂತುಬಿಡುತ್ತದೆ, ಕಪ್ಪು–ಬಿಳುಪಾಗುತ್ತದೆ, ಸದ್ದೂ ಅಡಗುತ್ತದೆ. ಓಟದಲ್ಲಿ ಕಣ್ತಪ್ಪಿಹೋಗುತ್ತಿದ್ದ ಮುಖವನ್ನು ಆ ಒಂದು ಕ್ಷಣ ನಾವು ಪೂರ್ತಿ ನೋಡುತ್ತೇವೆ. ಮರುಗಳಿಗೆ ಮೊರೆತ ಮತ್ತೆ ಅಪ್ಪಳಿಸಿದಾಗ ಮೊದಲಿಗಿಂತ ಭೀಕರವೆನಿಸುತ್ತದೆ. ಸುತ್ತ ನಡೆಯುವುದೆಲ್ಲದರಿಂದ ಫೋಟೊಗ್ರಾಫರ್ ಎಷ್ಟು ದೂರ ಸರಿದಿದ್ದಾಳೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಈ ತಂತ್ರವೇ ಜೆಸ್ಸಿಯ ಬದಲಾವಣೆಯನ್ನೂ ಹೇಳುತ್ತದೆ. ಆರಂಭದಲ್ಲಿ ಪೆಟ್ರೋಲ್ ಬಂಕಿನ ಹಿಂದೆ ಚಿತ್ರಹಿಂಸೆಗೊಳಗಾಗಿ ನೇತಾಡುತ್ತಿದ್ದವರನ್ನು ಕಂಡು ದಂಗಾದ ಆಕೆ ಒಂದೂ ಫೋಟೊ ತೆಗೆದಿರುವುದಿಲ್ಲ. ಕೊನೆಗೆ ಶ್ವೇತಭವನದಲ್ಲಿ ಅವಳನ್ನು ತಳ್ಳಿ ಉಳಿಸಿದ ಲೀ ಗುಂಡು ತಗುಲಿ ಬೀಳುವಾಗ, ಜೆಸ್ಸಿಯ ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ಹಿಡಿಯುತ್ತದೆ. ಕಸುಬು ಅವಳ ಕೈಹತ್ತಿದೆ. ಅದಕ್ಕೆ ಅವಳು ಕಳೆದುಕೊಂಡದ್ದೇನೆಂದು ಆ ಚಿತ್ರಗಳೇ ಹೇಳುತ್ತವೆ. ಯುದ್ಧದ ಕಾರಣ ತಿಳಿಯಲು ಕೂತವರಿಗೆ ಬೇಸರವಾದೀತು. ಫೋಟೊಗ್ರಾಫರ್ ಒಬ್ಬಳು ಕಲ್ಲಾಗುವುದು ಹೇಗೆಂದು ನೋಡುವವರಿಗೆ ಇಲ್ಲಿ ಬೇಕಾದಷ್ಟಿದೆ.