ದಿಕ್ಕಿಗೆ ಹಾಕಿದ ಎಲ್ಲೆ

ಶುಕ್ರವಾರದ ಇರುಳು ವಿದ್ಯಾರಣ್ಯಪುರದ ಕೊನೆಯ ನಿಲ್ದಾಣದಿಂದ ಯಶವಂತಪುರದ ಕಡೆಗೆ ಹೊರಡುವ ಬಸ್ಸುಗಳಲ್ಲಿ, ಬೆನ್ನಿಗೆ ದೊಡ್ಡ ಚೀಲವೇರಿಸಿಕೊಂಡ ತರುಣ ತರುಣಿಯರು ಇಂದು ಅಪರೂಪದವರಲ್ಲ. ಬೆಳಗಿನ ಹೊತ್ತಿಗೆ ಕಳಸ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ, ಮುಂದೆ ಕುದುರೆಮುಖ ಶಿಖರದ ಕಾಲುದಾರಿ. ಇವರಲ್ಲಿ ಜೈನ ಮನೆತನಗಳ ಮಕ್ಕಳೂ ಇರುತ್ತಾರೆ. ಶ್ರಾವಕನಾದವನು ಹೀಗೆ ಕಾಡುಬೆಟ್ಟ ಸುತ್ತಬಹುದೇ ಎಂಬ ಹಿರಿಯರ ಶಂಕೆಗೆ ಶಾಸ್ತ್ರದಲ್ಲಿ ನೇರವಾದ ನಿಷೇಧವಿಲ್ಲ. ಅಲ್ಲಿ ಇರುವುದು ಬೇರೊಂದು ಪ್ರಶ್ನೆ: ಹೊರಡುವ ಮುನ್ನ ಎಲ್ಲೆಯನ್ನು ನಿಶ್ಚಯಿಸಿಕೊಂಡಿದ್ದೀಯಾ?

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನೆಂದು ಜೀವನಪರ್ಯಂತದ ಮಿತಿಯನ್ನು ಹಾಕಿಕೊಳ್ಳುವುದೇ ಆ ವ್ರತ. ಅದೇ ಮಿತಿಯನ್ನು ಒಂದು ದಿನಕ್ಕೋ ಒಂದು ಪಕ್ಷಕ್ಕೋ ಇನ್ನಷ್ಟು ಕುಗ್ಗಿಸಿಕೊಂಡರೆ ದೇಶವ್ರತ. ಸಮಂತಭದ್ರ ಆಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ಎಲ್ಲೆಯನ್ನು ಗುರುತಿಸುವ ಬಗೆಯನ್ನೂ ತಿಳಿಸಿದ್ದಾರೆ. ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನ ಮುಂತಾಗಿ ಎಲ್ಲರೂ ಬಲ್ಲ ಗುರುತೇ ಎಲ್ಲೆಯಾಗಬೇಕು. ಮನಸ್ಸಿಗೆ ತೋಚಿದಲ್ಲಿ ನಿಲ್ಲುವೆನೆಂಬುದು ವ್ರತವಲ್ಲ. ಎಲ್ಲೆಯಾಚೆಗೆ ಗೃಹಸ್ಥನಿಂದ ಸೂಕ್ಷ್ಮಪಾಪವೂ ಆಗದಿರುವುದರಿಂದ ಆ ಪ್ರದೇಶದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತದ ಸ್ಥಿತಿಗೇರುತ್ತವೆ ಎಂದೂ ಅವರು ಹೇಳುತ್ತಾರೆ. ದಾಟದೆ ಬಿಟ್ಟ ಬೆಟ್ಟದ ಆಚೆಯ ಜೀವರಾಶಿಗೆ ಅವನು ಅಭಯವಿತ್ತಂತೆಯೇ ಸರಿ.

ಕುದುರೆಮುಖದ ದಾರಿಯನ್ನು ಬಲ್ಲವರಿಗೆ ಈ ಮಾತಿನ ತೂಕ ಬೇಗ ತಿಳಿದೀತು. ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. ಹಳ್ಳಗಳಲ್ಲಿ ಶೋಲಾ ಕಾಡು, ಬೆಟ್ಟದ ಮೈಮೇಲೆ ಹುಲ್ಲುಗಾವಲು. ಮಳೆಗಾಲ ಕಳೆದು ಹುಲ್ಲು ಆಳೆತ್ತರ ಬೆಳೆದಾಗ ಕಾಲುದಾರಿ ಅದರೊಳಗೆ ಅಡಗುತ್ತದೆ. ಕಾಟಿಗಳು ಓಡಾಡಿದ ಜಾಡು ಮನುಷ್ಯರ ದಾರಿಗಿಂತ ಸ್ಪಷ್ಟವಾಗಿ ಕಾಣುವುದುಂಟು. ಅದನ್ನು ನಂಬಿ ಹೋದವನು ನೀರಿನ ಹೊಂಡಕ್ಕೋ ದಟ್ಟವಾದ ಶೋಲೆಗೋ ಇಳಿಯುತ್ತಾನೆ. ನಡುಹಗಲಲ್ಲೇ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿರುವವನೂ ಕಾಣುವುದಿಲ್ಲ. ಊರಿನವನೊಬ್ಬ ಜೊತೆಗಿಲ್ಲದೆ ಇಲ್ಲಿ ಧೈರ್ಯ ತೋರುವುದು ವಿವೇಕವಲ್ಲ.

ದಿಗ್ವ್ರತಕ್ಕೆ ಬರುವ ದೋಷಗಳನ್ನು ತತ್ತ್ವಾರ್ಥಸೂತ್ರ ಐದೆಂದು ಎಣಿಸುತ್ತದೆ. ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ. ಕನ್ನಡ ನಾಡಿನಲ್ಲೇ ಬಾಳಿದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇವುಗಳನ್ನು ವಿವರಿಸುವಾಗ ಮೊದಲನೆಯದಕ್ಕೆ ಬೆಟ್ಟ ಹತ್ತುವುದನ್ನೂ, ಎರಡನೆಯದಕ್ಕೆ ಬಾವಿಗಿಳಿಯುವುದನ್ನೂ, ಮೂರನೆಯದಕ್ಕೆ ಬಿಲ ಹೊಗುವುದನ್ನೂ ಉದಾಹರಣೆಯಾಗಿ ಕೊಟ್ಟರು. ನಾಲ್ಕನೆಯದಾದ ಕ್ಷೇತ್ರವೃದ್ಧಿ ಲೋಭದಿಂದ ಹುಟ್ಟುವಂಥದು. ಚಾರಣಿಗನಿಗೆ ಅದು ಚೆನ್ನಾಗಿ ಪರಿಚಿತ; ‘ಇನ್ನೊಂದೇ ಗುಡ್ಡ’ ಎಂಬ ವೇಷದಲ್ಲಿ ಬರುತ್ತದೆ. ಐದನೆಯದು ತಾನು ಇಟ್ಟ ಎಲ್ಲೆಯನ್ನೇ ಮರೆಯುವುದು. ಮೂರು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವೆನೆಂದು ಬೆಳಿಗ್ಗೆ ನಿಶ್ಚಯಿಸಿದವನಿಗೆ, ಶಿಖರ ಕಣ್ಣಿಗೆ ಬಿದ್ದ ಮೇಲೆ ಆ ಮಾತೇ ನೆನಪಾಗುವುದಿಲ್ಲ. ಕಾಡಿನಲ್ಲಿ ದಾರಿ ತಪ್ಪಿದವರ ಸಂಕಟ ಹಲವು ಸಲ ಮೊದಲಾಗುವುದು ಈ ಮರೆವಿನಿಂದಲೇ.

ಮುನಿಗಳ ನಡಿಗೆಗೆ ಈರ್ಯಾಸಮಿತಿ ಎಂದು ಹೆಸರು. ಹಗಲ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಜೀವಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುವುದು. ಎಂಥ ದಾರಿಯಲ್ಲಿ ನಡೆಯಬೇಕೆಂಬುದನ್ನೂ ‘ಮೂಲಾಚಾರ’ ಹೇಳುತ್ತದೆ: ಬಂಡಿ, ದನಕರು, ಜನ ಮೊದಲೇ ಓಡಾಡಿ ತುಳಿದ, ಬಿಸಿಲಿಗೆ ಕಾದ ದಾರಿ ಪ್ರಾಸುಕ, ಅಂದರೆ ಜೀವರಹಿತ. ಹೊಸದಾಗಿ ಹುಲ್ಲು ತುಳಿದು ದಾರಿ ಮಾಡುವುದು ಸಾಹಸವೆಂದು ತೋರಬಹುದು. ಮುನಿಧರ್ಮದ ದೃಷ್ಟಿಯಲ್ಲಿ ಅದು ಅನಾವಶ್ಯಕ ಹಿಂಸೆ. ಸವೆದ ದಾರಿಯನ್ನು ಬಿಡಬೇಡಿರೆಂದು ಅರಣ್ಯ ರಕ್ಷಕರು ಹೇಳುವುದೂ ಇದನ್ನೇ, ಕಾರಣ ಮಾತ್ರ ಬೇರೆ.

ಮಲೆನಾಡಿನ ಇಂಬಳದ ವಿಷಯ ಇಲ್ಲಿ ಬಾರದೆ ಇರದು. ಒದ್ದೆ ನೆಲದಲ್ಲಿ ಕಾಲಿಗೆ ಹತ್ತುವ ಈ ಜೀವಿ ಜೈನ ಗಣನೆಯಲ್ಲಿ ದ್ವೀಂದ್ರಿಯ; ಸ್ಪರ್ಶ, ರಸನ ಎಂಬ ಎರಡೇ ಇಂದ್ರಿಯಗಳುಳ್ಳ ತ್ರಸಜೀವ. ಇದಕ್ಕಾಗಿ ಉಪ್ಪನ್ನೋ ನಸ್ಯವನ್ನೋ ಕಟ್ಟಿಕೊಂಡು ಹೋಗುವ ರೂಢಿಯಿದೆ. ಉಪ್ಪು ಬಿದ್ದ ಇಂಬಳ ಒದ್ದಾಡಿ ಸಾಯುತ್ತದೆ. ತ್ರಸಜೀವದ ಸಂಕಲ್ಪಪೂರ್ವಕ ಹಿಂಸೆಯನ್ನು ಬಿಟ್ಟ ಅಣುವ್ರತಿಗೆ ಈ ಪೊಟ್ಟಣ ಹೊರಡುವ ಮೊದಲೇ ಕಟ್ಟಿಕೊಂಡ ಸಂಕಲ್ಪವೇ ಆಗುತ್ತದೆ. ನೂಲು ಒತ್ತಾಗಿರುವ ಉದ್ದನೆಯ ಕಾಲುಚೀಲವನ್ನು ಮೊಣಕಾಲಿನವರೆಗೆ ತೊಟ್ಟರೆ ಅದು ಚರ್ಮವನ್ನು ಮುಟ್ಟುವುದೇ ಕಷ್ಟ. ಹತ್ತಿದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಎಲೆಯ ಮೇಲೆ ಬಿಡಬಹುದು. ಒಂದೆರಡು ಹನಿ ರಕ್ತ ಹೋದೀತು. ಅಷ್ಟಕ್ಕೆ ಸಿದ್ಧನಿಲ್ಲದವನು ಕಾಡಿಗೆ ಹೋಗುವ ಅಗತ್ಯವಾದರೂ ಏನು? ಪ್ರಯೋಜನವಿಲ್ಲದೆ ಗಿಡ ಮುರಿಯುವುದು, ನೆಲ ಅಗೆಯುವುದು, ನೀರು ಚೆಲ್ಲುವುದು ಇವೆಲ್ಲ ಅನರ್ಥದಂಡದ ಪ್ರಮಾದಚರ್ಯೆಗೆ ಸೇರಿದವು. ನಡೆಯುತ್ತ ನಡೆಯುತ್ತ ಹುಲ್ಲಿನ ತೆನೆ ಕೀಳುವ ಕೈಗೂ ಆ ಮಾತು ಅನ್ವಯಿಸುತ್ತದೆ.

ಈ ಸೀಮೆ ಜೈನರಿಗೆ ಹೊಸತಲ್ಲ. ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಆಳಿದವರು ಭೈರರಸರು. ಆ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ. ಬಾಹುಬಲಿಯ ಅಣ್ಣ ಭರತನ ಕಥೆ ಬೆಟ್ಟ ಹತ್ತುವವರಿಗೆ ವಿಶೇಷವಾಗಿ ಸಲ್ಲುವಂಥದು. ಆರು ಖಂಡಗಳ ದಿಗ್ವಿಜಯ ಮುಗಿಸಿದ ಚಕ್ರವರ್ತಿ ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋಗುತ್ತಾನೆ. ಇಲ್ಲಿಗೆ ತಲುಪಿದವನು ತಾನೊಬ್ಬನೇ ಎಂಬ ಹೆಮ್ಮೆ. ನೋಡಿದರೆ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬಂಡೆಯೆಲ್ಲ ತುಂಬಿದೆ. ಒಂದು ಅಕ್ಷರಕ್ಕೂ ಎಡೆಯಿಲ್ಲ. ಭರತನ ಗರ್ವ ಅಲ್ಲಿಯೇ ಮುರಿಯಿತು. ಆದರೂ ಒಬ್ಬ ಪೂರ್ವಿಕನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಸಿದ! ಶಿಖರದ ಕಲ್ಲುಗಳ ಮೇಲೆ ಸುಣ್ಣದಿಂದಲೋ ಬಣ್ಣದಿಂದಲೋ ತಮ್ಮ ಹೆಸರು ಬರೆದು ಬರುವವರು ಈ ಪ್ರಸಂಗವನ್ನು ಓದಿರಲಾರರು.

2024ರ ಜನವರಿಯ ಒಂದು ವಾರಾಂತ್ಯದಲ್ಲಿ ಸಾವಿರಾರು ಜನ ಕುಮಾರ ಪರ್ವತದ ಬುಡದಲ್ಲಿ ನೆರೆದ ಮೇಲೆ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳನ್ನು ರಾಜ್ಯದ ಅರಣ್ಯ ಇಲಾಖೆ ಕೆಲಕಾಲ ಮುಚ್ಚಿತು. ಅನಂತರ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ಹೊರಗಿನಿಂದ ಬಂದ ಮಿತಿಯನ್ನು ಜನ ಗೊಣಗುತ್ತ ಪಾಲಿಸುತ್ತಾರೆ. ತಾನೇ ಇಟ್ಟುಕೊಂಡ ಮಿತಿಗೆ ಗೊಣಗಲು ಎದುರಾಳಿಯೇ ಇರುವುದಿಲ್ಲ.

ಆಷಾಢದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ಒಂದೆಡೆ ನೆಲೆಸುತ್ತಾರೆ. ಮಳೆಗೆ ನೆಲದ ತುಂಬ ಜೀವೋತ್ಪತ್ತಿಯಾಗಿ, ಪ್ರಾಸುಕವಾದ ದಾರಿಯೇ ದೊರೆಯದ ಕಾಲವದು. ಘಟ್ಟದಲ್ಲಿಯೂ ಆ ನಾಲ್ಕು ತಿಂಗಳು ಹಳ್ಳಗಳು ತುಂಬಿ ಹರಿಯುತ್ತವೆ, ಬಂಡೆಗಳು ಪಾಚಿಗಟ್ಟುತ್ತವೆ. ಕಾರ್ತಿಕ ಕಳೆದು, ಬಿಸಿಲು ಬಿದ್ದು, ದನ ಕಾಯುವವರು ಮೇಲೆ ಹೋಗಿಬರಲು ತೊಡಗಿದಾಗ ಹುಲ್ಲಿನ ನಡುವೆ ಹಳೆಯ ದಾರಿ ಮತ್ತೆ ತೆಳ್ಳಗೆ ಕಾಣಿಸಿಕೊಳ್ಳುತ್ತದೆ.