ದಾಸ್ತಾನಿಲ್ಲದ ಅಂಗಡಿಗೆ ನಿರ್ದೇಶಿಕೆಯಲ್ಲಿ ಜಾಗ ಉಂಟೆ?

ಉಡುಪಿ ಸಮೀಪದ ಕೆಮ್ಮಣ್ಣಿನಲ್ಲಿ ಒಬ್ಬರು ಮನೆಯಿಂದಲೇ ಅಂತರಜಾಲದಲ್ಲಿ ಸೀರೆ ಅಂಗಡಿ ತೆರೆಯುತ್ತಾರೆ ಎಂದುಕೊಳ್ಳಿ. ಮನೆಯಲ್ಲಿ ಒಂದು ಸೀರೆಯೂ ದಾಸ್ತಾನಿಲ್ಲ. ಗ್ರಾಹಕರು ಹಣ ಕಟ್ಟಿದೊಡನೆ ಅಂಗಡಿಯವರು ಆ ಬೇಡಿಕೆಯನ್ನು ಸೂರತ್ತಿನ ಸಗಟು ವ್ಯಾಪಾರಿಗೆ ದಾಟಿಸುತ್ತಾರೆ. ಸೀರೆ ಅಲ್ಲಿಂದ ನೇರವಾಗಿ ಗ್ರಾಹಕರ ಮನೆ ಸೇರುತ್ತದೆ. ಎರಡು ಬೆಲೆಗಳ ನಡುವಿನ ಅಂತರವೇ ಅಂಗಡಿಯ ಆದಾಯ. ಈ ಪದ್ಧತಿಗೆ ಡ್ರಾಪ್‌ಶಿಪ್ಪಿಂಗ್ ಎನ್ನುತ್ತಾರೆ. ಗೋದಾಮು ಬೇಡ, ಬಂಡವಾಳವೂ ಅಲ್ಪ. ಇಂಥ ಸಣ್ಣ ಅಂಗಡಿಗಳನ್ನು ವೆಬ್ ಡೈರೆಕ್ಟರಿಗಳು ಪಟ್ಟಿಮಾಡಬೇಕೆ?

ನಿರ್ದೇಶಿಕೆ ಎಂದರೇನು?

ವೆಬ್ ಡೈರೆಕ್ಟರಿ ಎಂದರೆ ಜಾಲತಾಣಗಳನ್ನು ವಿಷಯವಾರು ವಿಂಗಡಿಸಿದ ನಿರ್ದೇಶಿಕೆ, ಗ್ರಂಥಾಲಯದ ಸೂಚಿಯಂತೆ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ಆರಂಭಿಸಿದ ಇಂಥ ಪಟ್ಟಿಯೇ ಯಾಹೂ ಆಯಿತು. 1998ರಲ್ಲಿ ಹುಟ್ಟಿದ ಡಿಮಾಜ್‌ನಲ್ಲಿ ಸ್ವಯಂಸೇವಕರು ಪ್ರತಿ ತಾಣವನ್ನೂ ಪರಿಶೀಲಿಸಿ ಸೇರಿಸುತ್ತಿದ್ದರು. ಯಾಹೂವಿನ ನಿರ್ದೇಶಿಕೆ 2014ರ ಕೊನೆಗೆ, ಡಿಮಾಜ್ 2017ರಲ್ಲಿ ಮುಚ್ಚಿದವು. ಆದರೂ ಊರಿನ, ಕಸುಬಿನ ಸಣ್ಣ ನಿರ್ದೇಶಿಕೆಗಳು ಇಂದಿಗೂ ಇವೆ.

ನೂರು ಸಾಲು, ಒಂದೇ ಮಾಹಿತಿ

ಸಗಟು ವ್ಯಾಪಾರಿ ಕೊಟ್ಟ ಒಂದೇ ಚಿತ್ರವನ್ನೂ ವಿವರಣೆಯನ್ನೂ ನೂರು ಅಂಗಡಿಗಳು ನಕಲಿಸಿದರೆ ಪಟ್ಟಿ ನೂರು ಸಾಲು ಬೆಳೆಯುತ್ತದೆ. ಸರಕಿನ ಬಗೆಗಿನ ಮಾಹಿತಿ ಮಾತ್ರ ಒಂದು ಸಾಲಿನಷ್ಟೇ. ಸ್ವಂತದ್ದೇನೂ ಇಲ್ಲದೆ ಬೇರೆಯವರ ಮಾರಾಟದ ಕೊಂಡಿಗಳನ್ನಷ್ಟೇ ತುಂಬಿಕೊಂಡ ತಾಣಗಳನ್ನು ಡಿಮಾಜ್ ಸೇರಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಕಾರಣವೂ ಉಂಟು. 1998ರಲ್ಲಿ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ವಿವರಿಸಿದ ಪೇಜ್‌ರ‍್ಯಾಂಕ್ ವಿಧಾನದಲ್ಲಿ, ಒಂದು ಪುಟ ಇನ್ನೊಂದಕ್ಕೆ ಕೊಡುವ ಕೊಂಡಿ ಒಂದು ಬಗೆಯ ಮತ. ನಿರ್ದೇಶಿಕೆಯ ಕೊಂಡಿಯೂ ಮತವೇ.

ಇದರಿಂದ ಯಾರಿಗೆ ನಷ್ಟ? ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಇದು ಕೈಮಗ್ಗದ ಹತ್ತಿ ಸೀರೆ. ವಿದ್ಯುತ್ ಮಗ್ಗದ ಸೀರೆಗಳನ್ನು ಅದೇ ಹೆಸರಿನಲ್ಲಿ ಮಾರುವ ತಾಣಗಳು ಪಟ್ಟಿಯ ತುಂಬ ಇದ್ದರೆ ನಿಜವಾದ ನೇಕಾರರು ಗ್ರಾಹಕರ ಕಣ್ಣಿಗೇ ಬೀಳುವುದಿಲ್ಲ.

ಹಾಗೆಂದು ಡ್ರಾಪ್‌ಶಿಪ್ಪಿಂಗ್ ಪದ್ಧತಿಯೇ ಕೆಟ್ಟದ್ದಲ್ಲ. ಅದೇ ಕೆಮ್ಮಣ್ಣಿನ ಅಂಗಡಿಯವರು ಕಿನ್ನಿಗೋಳಿಯ ನೇಕಾರರೊಡನೆ ಒಪ್ಪಂದ ಮಾಡಿಕೊಂಡು, ತಾವೇ ಚಿತ್ರ ತೆಗೆದು, ನೂಲು ಮತ್ತು ನೇಯ್ಗೆಯ ವಿವರ ಬರೆದು, ಸೀರೆಯನ್ನು ನೇಕಾರರಿಂದಲೇ ನೇರವಾಗಿ ಕಳುಹಿಸಬಹುದು. ಅದೂ ಡ್ರಾಪ್‌ಶಿಪ್ಪಿಂಗ್. ಆದರೆ ಆ ತಾಣವನ್ನು ಸೇರಿಸಿದರೆ ಓದುಗರಿಗೆ ಹೊಸದೊಂದು ತಿಳಿಯುತ್ತದೆ.

ಮೂರು ಪರೀಕ್ಷೆಗಳು

ಆದ್ದರಿಂದ ಸಂಪಾದಕರು ಅಂಗಡಿಯ ಗಾತ್ರವನ್ನಾಗಲಿ ದಾಸ್ತಾನನ್ನಾಗಲಿ ನೋಡದೆ ಮೂರು ಪ್ರಶ್ನೆ ಕೇಳುವುದು ಸೂಕ್ತ:

1. ಮಾರುವವರ ಹೆಸರು, ವಿಳಾಸ ತಾಣದಲ್ಲಿವೆಯೆ?
2. ಸರಕು ಎಲ್ಲಿಯದು, ಯಾರು ತಯಾರಿಸಿದ್ದು ಎಂಬ ಸ್ವಂತ ವಿವರಣೆ ಇದೆಯೆ?
3. ಸರಕು ಹಾಳಾಗಿ ಬಂದರೆ ಹಿಂದಕ್ಕೆ ಪಡೆಯುವ ಹೊಣೆ ಯಾರದು?

ಭಾರತದ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020 ಕೂಡ ಹೆಸರು, ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರ ಪ್ರಕಟಿಸುವಂತೆ ವಿಧಿಸುತ್ತವೆ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ನೀಡಬೇಕು. ಮೂರಕ್ಕೂ ಉತ್ತರವಿರುವ ಅಂಗಡಿ ಎಷ್ಟೇ ಚಿಕ್ಕದಾದರೂ ಪಟ್ಟಿಗೆ ಅರ್ಹ.

ಮಾಡಿ ನೋಡಿ

ಜಾಲ ಅಂಗಡಿಯೊಂದರ ಸೀರೆಯ ಚಿತ್ರವನ್ನು ಚಿತ್ರಶೋಧಕ್ಕೆ ಹಾಕಿ. ಅದು ಎಷ್ಟು ತಾಣಗಳಲ್ಲಿದೆ, ಅವುಗಳಲ್ಲಿ ಬೇರೆ ಬೇರೆ ವಿವರಣೆಗಳು ಎಷ್ಟು ಎಂದು ವಿದ್ಯಾರ್ಥಿಗಳು ಎಣಿಸಲಿ. ಬಳಿಕ ಮೂರು ಪ್ರಶ್ನೆಗಳನ್ನು ಕೇಳಿ, ಎಷ್ಟು ತಾಣಗಳು ಉಳಿಯುತ್ತವೆ ಎಂದು ತರಗತಿಯಲ್ಲಿ ಪಟ್ಟಿಮಾಡಿ.